ರಾಜನ ಪಾತ್ರ ಯಾರಿಗೂ ಕೊಡಬೇಡಿ: ಗೆಳೆಯರೆಲ್ಲ ಸೇರಿ ರಾಜ್ಯ ಕಟ್ಟುವ ಆಟ ಆಡಿಸುವುದು ಹೇಗೆ

ಮೊದಲ ಸಲ ನಾವು ಮಾಡಿದ ತಪ್ಪು ಇದೇ. ದಾವಣಗೆರೆಯಲ್ಲಿ ನಮ್ಮ ಮನೆ ಮಹಡಿ ಮೇಲೆ ಆರು ಜನ ಕೂತೆವು. ಕೋಟೆ, ಕುದುರೆ, ಮಾಟಗಾತಿ ಎಲ್ಲ ಇರುವ ಹಳೆಗಾಲದ ಒಂದು ರಾಜ್ಯ ಊಹಿಸಿಕೊಂಡೆವು. ಎಲ್ಲರಿಗಿಂತ ಚೆನ್ನಾಗಿ ಮಾತಾಡುವ ಗೆಳೆಯನನ್ನು ರಾಜ ಮಾಡಿದೆವು. ಅವನು ಅಪ್ಪಣೆ ಕೊಟ್ಟ, ಉಳಿದವರು "ಆಗಲಿ ಪ್ರಭು" ಅಂದರು. ಎರಡನೇ ಭಾನುವಾರ ಇಬ್ಬರು ಮೊಬೈಲ್ ನೋಡುತ್ತಾ ಕೂತಿದ್ದರು. ಮೂರನೇ ಭಾನುವಾರ ಬಂದವರು ಮೂರೇ ಜನ, ಅದರಲ್ಲಿ ಒಬ್ಬ ನಾನು.

ಆಮೇಲೆ ಯೋಚನೆ ಮಾಡಿದಾಗ ಗೊತ್ತಾಯಿತು. ಆಟದಲ್ಲಿ ರಾಜನಿಗೆ ಉಳಿದವರ ಹತ್ತಿರ ಬೇಡಬೇಕಾದದ್ದು ಏನೂ ಇರಲಿಲ್ಲ. ಒಬ್ಬರ ಕೈಯಲ್ಲಿ ಇನ್ನೊಬ್ಬರಿಗೆ ಬೇಕಾದದ್ದು ಏನಾದರೂ ಇರಬೇಕು. ಇದೊಂದು ಸರಿ ಮಾಡಿಕೊಂಡು ಎರಡನೇ ರಾಜ್ಯ ಕಟ್ಟಿದೆವು. ಅದು ಒಂಬತ್ತು ಭಾನುವಾರ ನಡೆಯಿತು. ಕೆಳಗೆ ಬರೆದಿರುವುದು ಆ ಎರಡನೇ ಸಲ ಮಾಡಿದ್ದು.

ಏನಿದು ಆಟ

ರೋಲ್‌ಪ್ಲೇ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬರೂ ಒಂದು ಪಾತ್ರ ಹಿಡಿದು ಮಾತಿನಲ್ಲೇ ಆಡುತ್ತಾರೆ. ಒಬ್ಬರು ಮಾತ್ರ ಪಾತ್ರ ಹಿಡಿಯದೆ ಲೋಕವನ್ನು ನಡೆಸುತ್ತಾರೆ. ಏನಾಗುತ್ತದೋ ಗೊತ್ತಿಲ್ಲ ಅನ್ನುವ ಕಡೆ ದಾಳ ಹಾಕುತ್ತೀರಿ. ಈ ಬಗೆಯ ಆಟ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು 1974ರಲ್ಲಿ, ಅಮೆರಿಕದಲ್ಲಿ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೆಸರಲ್ಲಿ. ಅದಕ್ಕೆ ದಪ್ಪ ದಪ್ಪ ನಿಯಮದ ಪುಸ್ತಕ ಬೇಕು, ಇಪ್ಪತ್ತು ಮುಖದ ದಾಳ ಬೇಕು. ನಮಗೆ ಅದ್ಯಾವುದೂ ಬೇಡ.

ಲೋಕ ನಡೆಸುವವರನ್ನು ಎಲ್ಲರೂ ಗೇಮ್ ಮಾಸ್ಟರ್ ಅನ್ನುತ್ತಾರೆ. ನಾವು ಸಾರಥಿ ಅನ್ನುತ್ತೇವೆ. ನಮ್ಮ ಕಡೆ ದೊಡ್ಡಾಟ ನೋಡಿದವರಿಗೆ ಇದು ಥಟ್ಟನೆ ಹತ್ತುತ್ತದೆ. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣ ಏನು ಅಂತ ಕೇಳುತ್ತಾನೆ. ಕಥೆ ಹೇಳುವುದು ಅವನ ಕೆಲಸ ಅಲ್ಲ, ಪಾತ್ರದ ಬಾಯಿಂದ ಕಥೆ ಹೊರಡಿಸುವುದು ಅವನ ಕೆಲಸ. ಆಟ ಆಡಿಸುವವರು ಇದರಲ್ಲಿ ಅರ್ಧ ಮಾಡಿದರೂ ಸಾಕು.

ಬೇಕಾದ ಸಾಮಾನು, ಬೇಕಾದ ಜನ

ಸಾರಥಿ ಸೇರಿ ಆರು ಜನ ಇದ್ದರೆ ಚೆಂದ. ನಾಲ್ಕಕ್ಕಿಂತ ಕಡಿಮೆ ಆದರೆ ದರ್ಬಾರು ಬಣಗುಟ್ಟುತ್ತದೆ. ಏಳು ದಾಟಿದರೆ ಒಬ್ಬೊಬ್ಬರ ಸರದಿ ಬರುವಷ್ಟರಲ್ಲಿ ಸಂಜೆ ಆಗಿರುತ್ತದೆ.

ಇನ್ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್ ಒಂದು, ಒಂದು ಚಾರ್ಟ್ ಶೀಟ್, ಪೆನ್ಸಿಲ್, ಲೂಡೋ ಡಬ್ಬಿಯಿಂದ ಎರಡು ದಾಳ, ಒಂದು ಹಿಡಿ ಹುಣಸೆ ಬೀಜ. ಇಷ್ಟೇ. ಚೌಕಾಬಾರದ ಕವಡೆ ಹಾಕಿ ನೋಡಿದೆವು, ನೋಡಲಿಕ್ಕೆ ಚೆಂದ. ಆದರೆ ಕವಡೆ ಮಗುಚುವುದಕ್ಕೂ ಅಂಗಾತ ಬೀಳುವುದಕ್ಕೂ ಸಮ ಸಮ ಅಲ್ಲ, ಲೆಕ್ಕ ತಪ್ಪುತ್ತದೆ. ದಾಳವೇ ವಾಸಿ.

ತಿಂಡಿ ವಿಷಯ: ಬೆಣ್ಣೆದೋಸೆ ತಿಂದುಕೊಂಡೇ ಬನ್ನಿ, ಆಟದ ಮಧ್ಯೆ ಮಂಡಕ್ಕಿ ಮಿರ್ಚಿ ಬೇಡ. ನಮ್ಮ ನಕ್ಷೆಯ ಬಡಗಣ ಮೂಲೆಯಲ್ಲಿ ಮಿರ್ಚಿ ಎಣ್ಣೆ ದೊಡ್ಡದಾಗಿ ಕಲೆ ಬಿತ್ತು. ಬೇರೆ ದಾರಿ ಕಾಣದೆ ಅದನ್ನೇ ಕೆರೆ ಮಾಡಿ ಎಣ್ಣೆಕೆರೆ ಅಂತ ಹೆಸರಿಟ್ಟೆವು, ಆಮೇಲೆ ಅದರ ದಡದಲ್ಲೇ ಒಂದು ಯುದ್ಧ ಆಯಿತು.

ಮೊದಲ ದಿನ ಆಡಬೇಡಿ, ಮಾತಾಡಿ

ಮೊದಲ ಭಾನುವಾರ ದಾಳ ಮುಟ್ಟಬೇಡಿ. ನಮ್ಮ ರಾಜ್ಯ ಎಂಥದ್ದು, ಮಂತ್ರ ಎಷ್ಟಿರಬೇಕು, ಏನು ಬೇಡ, ಇವನ್ನು ಮಾತಾಡಿ ಮುಗಿಸಿ. "ಏನು ಬೇಡ" ಅನ್ನುವುದು ಮುಖ್ಯ. ನಾವು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇವೆ: ನಿಜವಾದ ಜಾತಿಯ ಹೆಸರು ಬೇಡ, ನಿಜವಾದ ಮಠ ಬೇಡ, ಬದುಕಿರುವ ಯಾರೂ ಬೇಡ, ಹೆಂಗಸರ ಮೇಲೆ ದೌರ್ಜನ್ಯದ ದೃಶ್ಯ ಬೇಡ. ಆಮೇಲೆ ಆಟದ ನಡುವೆ ಯಾರಿಗಾದರೂ ಮುಜುಗರ ಆದರೆ ಮೇಜಿನ ಮೇಲೆ ಅಂಗೈ ಇಟ್ಟರೆ ಸಾಕು, ಕಾರಣ ಕೇಳುವ ಹಾಗಿಲ್ಲ, ಆ ದೃಶ್ಯ ಅಲ್ಲಿಗೇ ಬಿಟ್ಟು ಮುಂದೆ ಹೋಗಬೇಕು. ಒಂಬತ್ತು ವಾರದಲ್ಲಿ ಒಂದೇ ಸಲ ಅಂಗೈ ಬಿತ್ತು. ಬಿದ್ದದ್ದೇ ಒಳ್ಳೆಯದಾಯಿತು.

ಇನ್ನೊಂದು. ನಮ್ಮೂರ ಸುತ್ತಲಿನವರಿಗೆ ಮೊದಲು ಬರುವ ಆಸೆ ಚಿತ್ರದುರ್ಗದ ಪಾಳೆಯಗಾರರನ್ನೇ ಆಟಕ್ಕೆ ತರುವುದು. ಮದಕರಿ ನಾಯಕನ ಪಾತ್ರ ನಾನು ಮಾಡುತ್ತೇನೆ, ನೀನು ಹೈದರಾಲಿ ಮಾಡು ಅಂತ. ಬೇಡ ಮಾರಾಯರೇ. 1779ರಲ್ಲಿ ಕೋಟೆ ಬಿದ್ದದ್ದು ಎಲ್ಲರಿಗೂ ಗೊತ್ತು, ಗೊತ್ತಿರುವ ಕೊನೆಗೆ ಆಡುವುದರಲ್ಲಿ ಏನು ಮಜಾ? ಅದೂ ಅಲ್ಲದೆ ಓಬವ್ವ, ಮದಕರಿ ಅಂದರೆ ನಮ್ಮ ಜನಕ್ಕೆ ಮನೆಯವರ ಹಾಗೆ. ದಾಳ ಆರಕ್ಕಿಂತ ಕಡಿಮೆ ಬಿತ್ತು, ಓಬವ್ವ ಸೋತಳು ಅಂತ ಹೇಳುವ ಧೈರ್ಯ ನನಗಂತೂ ಇಲ್ಲ. ಸ್ವಂತ ರಾಜ್ಯ ಕಟ್ಟಿ. ನಮ್ಮದು ಕರಿಬಂಡೆ ಸಂಸ್ಥಾನ.

ಕೋಟೆ ನೋಡಿಕೊಂಡು ಬನ್ನಿ, ಆಮೇಲೆ ನಕ್ಷೆ ಬರೆಯಿರಿ

ಹೆಸರು ತರಬೇಡಿ ಅಂದೆ, ಕೋಟೆಯಿಂದ ಕಲಿಯಬೇಡಿ ಅನ್ನಲಿಲ್ಲ. ಚಿತ್ರದುರ್ಗ ದಾವಣಗೆರೆಯಿಂದ ಅರವತ್ತು ಕಿಲೋಮೀಟರ್ ಚಿಲ್ಲರೆ, ಬೆಳಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದೊಳಗೆ ನೋಡಿ ಬರಬಹುದು. ಆದರೆ ಈ ಸಲ ಫೋಟೋ ತೆಗೆಯುವವರ ಹಾಗೆ ಹತ್ತಬೇಡಿ, ಇಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ಸಾಕಬೇಕಾದವರ ಹಾಗೆ ಹತ್ತಿ.

ಆಗ ಕಣ್ಣಿಗೆ ಬೀಳುವುದೇ ಬೇರೆ. ಬಾಗಿಲುಗಳು ಯಾವುವೂ ನೇರ ಇಲ್ಲ, ದಾರಿ ಸುತ್ತಿ ಸುತ್ತಿ ತಿರುಗುತ್ತದೆ, ಆನೆ ಓಡಿ ಬಂದು ಗುದ್ದಲಿಕ್ಕೆ ಜಾಗವೇ ಸಿಗುವುದಿಲ್ಲ. ಎಣ್ಣೆ ಕೊಳ ಇದೆ, ಕಣಜ ಇದೆ, ಟಂಕಸಾಲೆ ಇದೆ, ಮದ್ದು ಬೀಸುವ ದೊಡ್ಡ ಕಲ್ಲುಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ನೀರು. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಮೇಲಿನದು ತುಂಬಿದರೆ ಹೆಚ್ಚಾದ ನೀರು ಕೆಳಗಿನದಕ್ಕೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಅಷ್ಟು ಲೆಕ್ಕ ಹಾಕಿ ಹಿಡಿದಿದ್ದಾರೆ. ಏಳು ಸುತ್ತಿನ ಕೋಟೆಯನ್ನು ನಿಲ್ಲಿಸಿದ್ದು ಕಲ್ಲಿನಷ್ಟೇ ಈ ಹೊಂಡಗಳು ಕೂಡ.

ಹಾಗಾಗಿ ನಕ್ಷೆ ಬರೆಯುವಾಗ ಮೊದಲು ನೀರು ಬರೆಯಿರಿ. ಹೊಳೆ, ಕೆರೆ, ಹೊಂಡ. ಆಮೇಲೆ ಬೆಟ್ಟ, ಕೋಟೆ, ಊರು. ಸಾರಥಿ ಒಬ್ಬರೇ ಮನೆಯಲ್ಲಿ ಕೂತು ನಕ್ಷೆ ಬರೆದು ತಂದರೆ ಅದು ಅವರ ರಾಜ್ಯ ಆಗುತ್ತದೆ, ಉಳಿದವರದು ಆಗುವುದಿಲ್ಲ. ಚಾರ್ಟ್ ಶೀಟ್ ನಡುವೆ ಇಟ್ಟು ಪೆನ್ಸಿಲ್ ಸುತ್ತಿಸಿ. ಪ್ರತಿಯೊಬ್ಬರೂ ಒಂದು ಜಾಗ ಬರೆಯಬೇಕು, ಆ ಜಾಗಕ್ಕೆ ಒಂದು ತೊಂದರೆಯನ್ನೂ ಹೇಳಬೇಕು. "ಇಲ್ಲೊಂದು ಸಂತೆಯಿದೆ" ಅಂದರೆ ಸಾಲದು. "ಇಲ್ಲೊಂದು ಸಂತೆಯಿದೆ, ಅಮಾವಾಸ್ಯೆ ಸಂತೆಗೆ ಬಂದವರಲ್ಲಿ ಒಬ್ಬರು ವಾಪಸ್ ಹೋಗುವುದಿಲ್ಲ" ಅಂದರೆ ಆಟ.

ಜೊತೆಗೆ ಒಂದು ಗುಟ್ಟಿನ ಕಿಂಡಿ. ಓಬವ್ವನ ಕಿಂಡಿ ನೋಡಿದ್ದೀರಲ್ಲ, ಒಬ್ಬ ಮನುಷ್ಯ ತೂರುವಷ್ಟೇ. ನಿಮ್ಮ ಕೋಟೆಯಲ್ಲೂ ಅಂಥದ್ದೊಂದು ಇರಲಿ, ಎಲ್ಲಿದೆ ಅಂತ ಒಬ್ಬ ಆಟಗಾರನಿಗೆ ಮಾತ್ರ ಚೀಟಿ ಬರೆದು ಕೊಡಿ. ಅವರು ಅದನ್ನು ಯಾರಿಗೆ ಹೇಳುತ್ತಾರೆ, ಯಾವಾಗ ಹೇಳುತ್ತಾರೆ ಅಂತ ಸುಮ್ನೆ ನೋಡುತ್ತಾ ಇರಿ.

ಹುದ್ದೆ ಹಂಚುವುದು

ಗದ್ದುಗೆ ಮೇಲೆ ಹನ್ನೊಂದು ವರ್ಷದ ಹುಡುಗ ಇದ್ದಾನೆ ಅಂದುಕೊಳ್ಳಿ. ಅವನನ್ನು ಸಾರಥಿ ಆಡಿಸಲಿ. ಅವನಿಗೆ ಗಾಳಿಪಟ ಬೇಕು, ಆನೆ ಬೇಕು, ಊಟಕ್ಕೆ ಹಾಗಲಕಾಯಿ ಬೇಡ. ರಾಜ್ಯದ ಭಾರ ಪೂರ್ತಿ ಆಟಗಾರರ ಮೇಲೆ.

ನಮ್ಮಲ್ಲಿದ್ದ ಐದು ಹುದ್ದೆ ಇವು. ದಳವಾಯಿ, ಪಡೆ ಅವರದು. ಪ್ರಧಾನಿ, ಮುದ್ರೆ ಅವರ ಹತ್ತಿರ, ಮುದ್ರೆ ಒತ್ತದ ಓಲೆಗೆ ಬೆಲೆಯಿಲ್ಲ. ಬೊಕ್ಕಸದವರು, ಬೀಗದ ಕೈ ಅವರದು. ನೀರುಗಂಟಿ, ಕೆರೆ ತೂಬು ಮತ್ತು ಹಗೇವು, ಅಂದರೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ, ಎರಡೂ ಅವರ ಕೈಯಲ್ಲಿ. ಮಂತ್ರವಾದಿ, ಕಾಡಿನ ಜೊತೆ ಮಾತಾಡುವ ಒಬ್ಬರೇ ಒಬ್ಬರು. ದಳವಾಯಿಗೆ ಪಡೆ ನಡೆಸಲು ಜೋಳ ಬೇಕು, ನೀರುಗಂಟಿಗೆ ಏರಿ ರಿಪೇರಿಗೆ ಹೊನ್ನು ಬೇಕು, ಬೊಕ್ಕಸದವರಿಗೆ ಸುಂಕ ವಸೂಲಿಗೆ ಪಡೆ ಬೇಕು, ಯಾವುದಕ್ಕೂ ಮುದ್ರೆ ಬೇಕು. ನೋಡಿ, ಒಬ್ಬರ ಜುಟ್ಟು ಇನ್ನೊಬ್ಬರ ಕೈಯಲ್ಲಿ.

ನೀರುಗಂಟಿ ಅಂದಾಗ ಎಲ್ಲರೂ ನಕ್ಕರು. ದಳವಾಯಿ ಹುದ್ದೆಗೆ ಮೂರು ಜನ ಕೈ ಎತ್ತಿದರು, ನೀರುಗಂಟಿಗೆ ಯಾರೂ ಇಲ್ಲ. ಕೊನೆಗೆ ಪಿಯುಸಿ ಓದುವ ನಮ್ಮ ಚಿಕ್ಕಪ್ಪನ ಮಗಳು ಒಪ್ಪಿದಳು. ಅವಳ ಕಥೆ ಮುಂದೆ ಬರುತ್ತದೆ.

ದಳವಾಯಿಗೆ ಜಾಸ್ತಿ ಬಲ ಆಗುತ್ತದೆ ಅನ್ನುವ ಭಯ ಇದ್ದರೆ, ಇರಲಿ, ಅದು ನಿಜವಾದ ಭಯವೇ. ಚಿತ್ರದುರ್ಗದಲ್ಲೇ 17ನೇ ಶತಮಾನದ ಕೊನೆಯ ಹೊತ್ತಿಗೆ ದಳವಾಯಿ ಮುದ್ದಣ್ಣ ಗದ್ದುಗೆಯ ಮೇಲೆ ಯಾರು ಕೂರಬೇಕು ಅನ್ನುವುದನ್ನೇ ತನ್ನ ಕೈಗೆ ತೆಗೆದುಕೊಂಡಿದ್ದ. ಆಟದಲ್ಲಿ ಯಾರಾದರೂ ಆ ದಾರಿ ಹಿಡಿದರೆ ತಡೆಯಬೇಡಿ, ಉಳಿದ ನಾಲ್ವರ ಕಡೆ ತಿರುಗಿ "ಈಗ ನೀವೇನು ಮಾಡುತ್ತೀರಿ?" ಅಂತ ಕೇಳಿ.

ಲೆಕ್ಕದ ಪುಸ್ತಕ

ನನ್ನ ಪ್ರಕಾರ ಆಟದ ಜೀವ ಇಲ್ಲಿದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಒಂದು ಭಾನುವಾರ ಅಂದರೆ ರಾಜ್ಯದಲ್ಲಿ ಒಂದು ಕಾಲ. ಚಳಿಗಾಲ, ಬೇಸಿಗೆ, ಮಳೆಗಾಲ, ಮೂರು ಸೇರಿದರೆ ಒಂದು ವರ್ಷ. ಸುಗ್ಗಿ ಮುಗಿದ ಮೇಲೆ ಆಟ ಶುರು. ಹಗೇವಿನಲ್ಲಿ ಜೋಳ 18 ಇದೆ ಅಂದುಕೊಳ್ಳಿ. ಲೆಕ್ಕಕ್ಕೆ ಒಂದು ಹಗೇವು ಒಂದು ಅಳತೆ. ಊರಿನ ಜನಕ್ಕೆ ಒಂದು ಕಾಲಕ್ಕೆ 4 ಬೇಕು. ಪಡೆ ಮೂರು, ಪಡೆಗೊಂದರಂತೆ 3 ಬೇಕು. ಕಾಲಕ್ಕೆ 7, ವರ್ಷಕ್ಕೆ 21. ಇರುವುದು 18.

ಆ ಕಮ್ಮಿ ಬೀಳುವ ಮೂರು ಹಗೇವೇ ಆಟ.

ಒಂದು ಪಡೆಯನ್ನು ಮನೆಗೆ ಕಳಿಸಿದರೆ ಕಾಲಕ್ಕೆ ಒಂದರಂತೆ ಮೂರು ಉಳಿಯುತ್ತದೆ, ಲೆಕ್ಕ ಸರಿ ಹೋಗುತ್ತದೆ. ದಳವಾಯಿ ಒಪ್ಪುತ್ತಾರಾ? ಕೊಂಡು ತರೋಣ ಅಂದರೆ ಒಂದು ಹಗೇವಿಗೆ 2 ಚೀಲ ಹೊನ್ನು, ಮೂರಕ್ಕೆ 6. ಬೊಕ್ಕಸದಲ್ಲಿರುವುದು 10 ಚೀಲ. ಅದರಲ್ಲಿ ಪಡೆಗಳ ಸಂಬಳ 3, ಕೆರೆ ಏರಿ ರಿಪೇರಿ 4. ಮತ್ತೆ ಮೂರು ಚೀಲ ಕಮ್ಮಿ! ಏರಿ ರಿಪೇರಿ ಬಿಡೋಣ ಅಂದರೆ ಮುಂದಿನ ಸುಗ್ಗಿಗೆ ಪೆಟ್ಟು. ಸುಗ್ಗಿಯ ಲೆಕ್ಕ ಹೀಗೆ: ಎರಡು ದಾಳ ಹಾಕಿ, ಬಿದ್ದದ್ದಕ್ಕೆ 10 ಸೇರಿಸಿ, ಅಷ್ಟು ಹಗೇವು ತುಂಬಿತು. ಏರಿ ಗಟ್ಟಿ ಇದ್ದರೆ ಇನ್ನೂ 2 ಸೇರಿಸಿ.

ಇದಲ್ಲದೆ ಜನರ ನಂಬಿಕೆ. ಬಟ್ಟಲಲ್ಲಿ ಆರು ಹುಣಸೆ ಬೀಜ ಇಡಿ. ಜನ ಉಪವಾಸ ಬಿದ್ದರೆ, ಕೊಟ್ಟ ಮಾತು ತಪ್ಪಿದರೆ ಒಂದು ಬೀಜ ತೆಗೆಯಿರಿ. ಒಳ್ಳೆಯದಾದರೆ ಒಂದು ಹಾಕಿ. ಬಟ್ಟಲು ಬರಿದಾದ ದಿನ ಊರು ದಂಗೆ ಎದ್ದಿತು. ನೋಟ್‌ಬುಕ್ಕಿನಲ್ಲಿ ಬರೆದ ಸಂಖ್ಯೆಗೆ ಯಾರೂ ಹೆದರುವುದಿಲ್ಲ, ಕಣ್ಣೆದುರು ಬೀಜ ಕಮ್ಮಿ ಆಗುವುದನ್ನು ನೋಡಿದರೆ ಹೆದರುತ್ತಾರೆ.

ಪುಸ್ತಕ ಎಲ್ಲರಿಗೂ ಕಾಣುವಂತೆ ತೆರೆದೇ ಇರಲಿ. ಸಾರಥಿ ಲೆಕ್ಕ ಮುಚ್ಚಿಟ್ಟುಕೊಂಡು "ಜೋಳ ಮುಗಿಯಿತು" ಅಂದರೆ ಅದು ಸಾರಥಿಯ ಮೋಸ ಅನ್ನಿಸುತ್ತದೆ. ತೆರೆದಿಟ್ಟರೆ ತಮ್ಮದೇ ತಪ್ಪು ಅನ್ನಿಸುತ್ತದೆ, ಜಗಳ ಅವರವರಲ್ಲೇ ಹತ್ತುತ್ತದೆ, ನೀವು ಚಹಾ ಕುಡಿಯುತ್ತಾ ಕೂರಬಹುದು.

ದಾಳ ಯಾವಾಗ

ಗೆದ್ದರೂ ಕಥೆ, ಸೋತರೂ ಕಥೆ ಅನ್ನುವಂತಿದ್ದರೆ ಮಾತ್ರ ದಾಳ. ಬಾಗಿಲು ತೆಗೆಯಲಿಕ್ಕೆ, ಕುದುರೆ ಹತ್ತಲಿಕ್ಕೆ ದಾಳ ಬೇಡ.

ಎರಡು ದಾಳ ಕೂಡಿಸಿ 10 ಅಥವಾ ಜಾಸ್ತಿ ಬಂದರೆ ಅಂದುಕೊಂಡದ್ದು ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನೋ ಒಂದು ಕಳೆದುಕೊಳ್ಳಬೇಕು. 6 ಅಥವಾ ಕಡಿಮೆ ಬಂದರೆ ಕೆಟ್ಟಿತು. ಎರಡು ದಾಳ 36 ಬಗೆಯಲ್ಲಿ ಬೀಳುತ್ತವೆ. ಅದರಲ್ಲಿ ಪೂರ್ತಿ ಗೆಲುವು 6, ಅರೆಗೆಲುವು 15, ಸೋಲು 15. ಬಹಳ ಕಠಿಣ ಅಲ್ವಾ? ಅದಕ್ಕೇ ತಮ್ಮ ಹುದ್ದೆಗೆ ಸೇರಿದ ಕೆಲಸಕ್ಕೆ ಒಂದು ಸೇರಿಸಿಕೊಳ್ಳಲಿ. ಆಗ ಗೆಲುವು 10, ಅರೆಗೆಲುವು 16, ಸೋಲು 10. ಬರೀ ಒಂದು ಅಂಕಿ ಎಷ್ಟು ಬದಲಿಸುತ್ತದೆ ನೋಡಿ. ಎರಡಕ್ಕಿಂತ ಜಾಸ್ತಿ ಸೇರಿಸಲು ಯಾವತ್ತೂ ಬಿಡಬೇಡಿ, ಭಯ ಹೋದರೆ ರುಚಿಯೂ ಹೋಗುತ್ತದೆ.

ಅರೆಗೆಲುವಿಗೆ ತೆರಬೇಕಾದ ಬೆಲೆಯನ್ನು ನೀವು ಹೇಳಬೇಡಿ. ಉಳಿದ ಆಟಗಾರರನ್ನು ಕೇಳಿ. ಅವರು ನಿಮಗಿಂತ ಕ್ರೂರಿಗಳು.

ಒಂದು ಭಾನುವಾರ ಹೇಗೆ ನಡೆಯುತ್ತದೆ

ಮೂರು ಗಂಟೆ ಸಾಕು. ಶುರುವಿನಲ್ಲಿ ಒಡ್ಡೋಲಗ, ಅರ್ಧ ಗಂಟೆ. ಎಲ್ಲರೂ ದರ್ಬಾರಿನಲ್ಲಿ ಇದ್ದಾರೆ, ಸಾರಥಿ ಎರಡು ಸುದ್ದಿ ತರುತ್ತಾರೆ, ಎರಡಕ್ಕೂ ಖರ್ಚು ಮಾಡುವಷ್ಟು ಇಲ್ಲ. ಆಮೇಲೆ ಪ್ರತಿಯೊಬ್ಬರಿಗೂ ಒಂದೊಂದು ದೃಶ್ಯ, ಇಪ್ಪತ್ತು ಇಪ್ಪತ್ತು ನಿಮಿಷ. ಒಬ್ಬರದು ನಡೆಯುವಾಗ ಉಳಿದವರಿಗೆ ಸಣ್ಣ ಪಾತ್ರ ಕೊಡಿ, ಕಾವಲುಗಾರ, ಅಜ್ಜಿ, ಹೊಳೆಯಲ್ಲಿರುವ ಭೂತ. ಕೊನೆಯ ಅರ್ಧ ಗಂಟೆ ಲೆಕ್ಕ. ಜೋಳ ಕಳೆಯಿರಿ, ಹೊನ್ನು ಕಳೆಯಿರಿ, ಬೀಜ ಎಣಿಸಿ.

ಎರಡನೇ ವರ್ಷದ ಬೇಸಿಗೆಯ ಒಡ್ಡೋಲಗ ಹೇಳುತ್ತೇನೆ. ಹಗೇವು ಎರಡೇ ಉಳಿದಿತ್ತು. ಗಡಿಯಲ್ಲಿ ಪಕ್ಕದ ರಾಜ್ಯದವರು ಡೇರೆ ಹಾಕಿದ್ದರು. ದಳವಾಯಿ ಎದ್ದು ನಿಂತು, ನಾಟಕ ಕಂಪನಿಯವರ ಗತ್ತಿನಲ್ಲಿ, ಕುದುರೆಗಳಿಗೆ ನೀರಿಲ್ಲ, ಎಣ್ಣೆಕೆರೆಯ ತೂಬು ಈಗಲೇ ತೆಗೆಯಬೇಕು ಅಂತ ಗುಡುಗಿದ. ನೀರುಗಂಟಿ ಹುಡುಗಿ ಎದ್ದೇಳಲೂ ಇಲ್ಲ. ನೋಟ್‌ಬುಕ್ ತಿರುಗಿಸಿ ಅವನ ಮುಂದೆ ಇಟ್ಟಳು.

"ದಳವಾಯಿಗಳೇ, ತೂಬು ತೆಗೆದರೆ ನಿಮ್ಮ ಕುದುರೆಗೆ ನೀರು. ಕೆಳಗಿನ ಏಳು ಹಳ್ಳಿಗೆ ಇಲ್ಲ. ಯಾರ ಹೆಸರಲ್ಲಿ ತೆಗೆಯಲಿ? ಬರೆದು ಕೊಡಿ."

ಅವನು ಪ್ರಧಾನಿ ಕಡೆ ನೋಡಿದ. ಪ್ರಧಾನಿ ಮುದ್ರೆಯನ್ನು, ಅಂದರೆ ಕೋಲ್ಗೇಟ್ ಮುಚ್ಚಳವನ್ನು, ಜೇಬಿಗೆ ಹಾಕಿಕೊಂಡ. ಮುಂದೆ ಇಪ್ಪತ್ತು ನಿಮಿಷ ದಾಳ ಯಾರೂ ಮುಟ್ಟಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಸಾರಥಿಯಾಗಿ ನಾನು ಮಾಡಿದ ಅತಿ ಒಳ್ಳೆಯ ಕೆಲಸ ಅದೇ ಇರಬೇಕು.

ಮಂತ್ರ, ಯುದ್ಧ

ಮಂತ್ರದಿಂದ ಜೋಳ ಬರಬಾರದು. ಇದೊಂದು ನಿಯಮ ಸಡಿಲ ಬಿಟ್ಟರೆ ಲೆಕ್ಕದ ಪುಸ್ತಕ ರದ್ದಿಗೆ ಹಾಕಬಹುದು. ಮಳೆ ತರಿಸಬಹುದು, ಆದರೆ ಆ ಮಳೆ ಪಕ್ಕದ ರಾಜ್ಯದಿಂದ ಕದ್ದದ್ದು. ಸತ್ತವರನ್ನು ಮಾತಾಡಿಸಬಹುದು, ಆದರೆ ಕೇಳಿದ ಒಂದು ಪ್ರಶ್ನೆಗೆ ಅವರೂ ಒಂದು ಪ್ರಶ್ನೆ ಕೇಳುತ್ತಾರೆ, ಸುಳ್ಳು ಹೇಳುವ ಹಾಗಿಲ್ಲ.

ಯುದ್ಧಕ್ಕೆ ಸಿಪಾಯಿ ಸಿಪಾಯಿಗೂ ದಾಳ ಹಾಕುತ್ತಾ ಕೂತರೆ ರಾತ್ರಿ ಆಗುತ್ತದೆ. ಇಡೀ ಕಾಳಗಕ್ಕೆ ಮೂರು ಸಲ ದಾಳ ಹಾಕಿದರೆ ಸಾಕು: ಹೊರಡುವಾಗ, ಎದುರಾದಾಗ, ತಿರುಗಿ ಬರುವಾಗ. ಮುತ್ತಿಗೆ ಆದರೆ ಇನ್ನೂ ಸುಲಭ, ಅದು ಪೂರ್ತಿ ಹಗೇವಿನ ಲೆಕ್ಕವೇ. ಒಳಗಿನವರ ಜೋಳ ಮೊದಲು ಮುಗಿಯುತ್ತದೋ ಹೊರಗಿನವರದೋ. ಇನ್ನು ದೊಡ್ಡವರು ಕಾಳಗದಲ್ಲಿ ಸಾಯಬಹುದು ಅನ್ನುವುದನ್ನು ಮೊದಲೇ ಎಲ್ಲರೂ ಒಪ್ಪಿರಬೇಕು. ನಮ್ಮ ಪಕ್ಕದ ಮಾಯಕೊಂಡದಲ್ಲೇ 1748ರಲ್ಲಿ ಚಿತ್ರದುರ್ಗದ ಅರಸ ರಣರಂಗದಲ್ಲಿ ಬಿದ್ದ. ಮರುದಿನವೇ ರಾಜ್ಯ ನಡೆಯಬೇಕಲ್ಲ, ಆ ಮರುದಿನವನ್ನು ಆಡಿಸಿ.

ವಾರದ ನಡುವೆ ವಾಟ್ಸಾಪ್

ಗುಂಪು ಮಾಡಿ, ಆದರೆ ಅಲ್ಲಿ ಆಡಬೇಡಿ. ಓಲೆ ಮಾತ್ರ ಕಳಿಸಲಿ, ವಾರಕ್ಕೆ ಒಬ್ಬರಿಗೆ ಒಂದು. ಗುರುವಾರ ರಾತ್ರಿ ಒಂಬತ್ತಕ್ಕೆ ಓಲೆಗಾರ ಹೊರಟ, ಆಮೇಲೆ ಬಂದದ್ದು ಮುಂದಿನ ವಾರಕ್ಕೆ. ಇಬ್ಬರ ನಡುವೆ ಗುಟ್ಟಿನ ಮಾತು ನಡೆಯಲಿ, ಸಾರಥಿಗೆ ಒಂದು ಪ್ರತಿ ಬರಬೇಕು ಅಷ್ಟೇ. ಜಗಳ ಬಂದರೆ ಗುಂಪಿನಲ್ಲಿ ಉತ್ತರ ಬರೆಯಬೇಡಿ, ಫೋನ್ ಮಾಡಿ. ಒಮ್ಮೆ ಹೊನ್ನಿನ ಲೆಕ್ಕಕ್ಕೆ ಶುರುವಾದ ಮಾತು ರಾತ್ರಿ ಹನ್ನೆರಡಕ್ಕೆ ಹಳೆಯ ಬೈಕ್ ಸಾಲಕ್ಕೆ ಬಂದು ನಿಂತಿತ್ತು.

ಯಾರಾದರೂ ಒಂದು ವಾರ ಬರದಿದ್ದರೆ ಅವರ ಹುದ್ದೆಯನ್ನು ಗುಮಾಸ್ತ ನೋಡಿಕೊಳ್ಳುತ್ತಾನೆ. ಗುಮಾಸ್ತ ಹೊಸದೇನೂ ಮಾಡುವುದಿಲ್ಲ, ಇದ್ದದ್ದನ್ನು ಕಾಯುತ್ತಾನೆ. ಎರಡು ವಾರ ಬರದಿದ್ದರೆ ಗುಮಾಸ್ತ ಲಂಚ ತಿನ್ನಲು ಶುರು ಮಾಡುತ್ತಾನೆ. ಈ ನಿಯಮ ಬಂದ ಮೇಲೆ ಹಾಜರಿ ಚೆನ್ನಾಗಿದೆ.

ಮಾತಿನ ಬಗ್ಗೆ ಒಂದು ಮಾತು. ಕೆಲವರಿಗೆ "ಎಲೈ ಸಾರಥಿ" ಅನ್ನುವ ಗತ್ತು ಸಲೀಸು, ಕೆಲವರಿಗೆ ನಾಚಿಕೆ. ನಾಚಿಕೆ ಇದ್ದವರು "ನಮ್ಮ ಮಂತ್ರವಾದಿ ಹೀಗೆ ಹೇಳುತ್ತಾನೆ" ಅಂತ ಕಥೆ ಹೇಳಿದ ಹಾಗೆ ಹೇಳಲಿ, ಪಾತ್ರ ಹಿಡಿಯಲೇಬೇಕು ಅಂತ ಒತ್ತಾಯ ಬೇಡ. ನಾಲ್ಕನೇ ವಾರ ಅವರೇ ಗುಡುಗುತ್ತಾರೆ.

ಮುಗಿಸುವ ದಿನ

ಶುರು ಮಾಡುವಾಗಲೇ ಮುಗಿಸುವ ದಿನ ಗೊತ್ತು ಮಾಡಿ. ಮಾತಾಡುವ ಮೊದಲ ದಿನ ಬಿಟ್ಟು ಒಂಬತ್ತು ಭಾನುವಾರ, ಮೂರು ವರ್ಷ. ಕೊನೆಯಿಲ್ಲದ ಆಟ ಪರೀಕ್ಷೆ ಬಂದಾಗಲೋ ಮದುವೆ ಸೀಸನ್ ಬಂದಾಗಲೋ ತಾನಾಗಿ ಸಾಯುತ್ತದೆ. ಕೊನೆಯ ಭಾನುವಾರ ಪ್ರತಿಯೊಬ್ಬರೂ ತಮ್ಮ ಪಾತ್ರ ಹತ್ತು ವರ್ಷದ ನಂತರ ಎಲ್ಲಿದೆ ಅಂತ ಒಂದು ದೃಶ್ಯದಲ್ಲಿ ಹೇಳಲಿ. ಆಮೇಲೆ ಮುಂದಿನ ರಾಜ್ಯಕ್ಕೆ ಸಾರಥಿ ಯಾರು ಅಂತ ಆರಿಸಿ. ಹಳೆಯ ಸಾರಥಿಯೇ ಮುಂದುವರಿದರೆ ಅವನೇ ರಾಜ ಆಗಿಬಿಡುತ್ತಾನೆ.

ಕರಿಬಂಡೆಯ ಕೊನೆಯ ಲೆಕ್ಕ: ಹಗೇವು 4, ಹೊನ್ನು 1, ಪಡೆ 2, ಬಟ್ಟಲಲ್ಲಿ ಬೀಜ 5. ಪುಸ್ತಕ ಈಗ ನೀರುಗಂಟಿಯ ಮನೆಯಲ್ಲಿದೆ. ದೀಪಾವಳಿ ಮುಗಿದ ಮೇಲೆ ಅವಳು ಆಡಿಸುತ್ತಾಳಂತೆ, ನನಗೆ ಓಲೆಗಾರನ ಹುದ್ದೆ ಕೊಟ್ಟಿದ್ದಾಳೆ.